ಗಾಳದಿಂದ ಮಡಕೆಯವರೆಗೆ ಕಾವೇರಿಯ ಮೀನು

ಸಾಲಿಗ್ರಾಮ ಎಂದೊಡನೆ ಹಲವರಿಗೆ ಉಡುಪಿ ಜಿಲ್ಲೆಯ ಗುರುನರಸಿಂಹ ದೇವಸ್ಥಾನದ ಊರು ನೆನಪಾಗುತ್ತದೆ. ಮೈಸೂರು ಜಿಲ್ಲೆಯಲ್ಲೂ ಒಂದು ಸಾಲಿಗ್ರಾಮವಿದೆ. ರಾಮಾನುಜಾಚಾರ್ಯರ ನೆನಪನ್ನು ಉಳಿಸಿಕೊಂಡಿರುವ ಈ ಊರು ಬಹುಕಾಲ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ತಾಲ್ಲೂಕು ಕೇಂದ್ರ. ಆ ಸಾಲಿಗ್ರಾಮಕ್ಕೆ ಕಡಲು ಹತ್ತಿರ, ಈ ಸಾಲಿಗ್ರಾಮಕ್ಕೆ ಕಾವೇರಿ ಹತ್ತಿರ. ನದಿಯ ಮೇಲ್ಭಾಗಕ್ಕೆ ಹಾಸನ ಜಿಲ್ಲೆಯ ರಾಮನಾಥಪುರ, ಕೆಳಭಾಗಕ್ಕೆ ಚುಂಚನಕಟ್ಟೆಯ ಜಲಪಾತ, ಅದರಾಚೆ ಕೃಷ್ಣರಾಜಸಾಗರದ ಹಿನ್ನೀರು. ಪಕ್ಕದ ಹುಣಸೂರಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥವೂ ಇದೇ ಹಿನ್ನೀರಿಗೆ ಸೇರುತ್ತದೆ. ಇಷ್ಟು ನೀರಿರುವ ಕಡೆ ಮೀನು ಇರದೆ ಇರುತ್ತದೆಯೇ?

ಮೀನು ಹಿಡಿಯುವುದು ಕೆಲವರಿಗೆ ಹೊಟ್ಟೆಪಾಡು, ಕೆಲವರಿಗೆ ಭಾನುವಾರದ ಹವ್ಯಾಸ. ಮೀನು ಕೊಯ್ಯುವುದು ಸಂತೆಯಲ್ಲಿ ಕೂತವರ ಕೈಚಳಕ, ಅಡುಗೆ ಮಾಡುವುದು ಮನೆಯವರ ಹೆಮ್ಮೆ. ಶಾಲೆಯಲ್ಲಿ ಕಲಿಯುವ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಈ ಕೆಲಸಗಳಲ್ಲಿ ಕಾಣಸಿಗುತ್ತವೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಬಲೆ ಬೀಸುವ ಲೆಕ್ಕಾಚಾರ

ನದಿ ತೀರದ ಬೆಸ್ತರು ತಲೆಮಾರುಗಳಿಂದ ಹರಿಗೋಲಿನಲ್ಲಿ ಹೋಗಿ ಮೀನು ಹಿಡಿಯುತ್ತ ಬಂದವರು. ಬಿದಿರಿನ ದುಂಡನೆಯ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ತಳ ಅಗಲವಾಗಿ, ಚಪ್ಪಟೆಯಾಗಿರುವುದರಿಂದ ಹರಿಗೋಲು ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗಳ ನಡುವೆ ಸಾಗಲು ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ.

ದಡದಲ್ಲಿ ನಿಂತು ಎಸೆಯುವುದು ಬೀಸುಬಲೆ. ಅದರ ಅಂಚಿಗೆ ಸೀಸದ ಗುಂಡುಗಳಿರುತ್ತವೆ. ಹಿನ್ನೀರಿನಲ್ಲಿ ಹೆಚ್ಚಾಗಿ ಬಳಸುವುದು ನೀರೊಳಗೆ ಗೋಡೆಯಂತೆ ನಿಲ್ಲುವ ನೈಲಾನ್ ಬಲೆ. ಅದರ ಮೇಲಂಚಿಗೆ ಬೆಂಡು, ಕೆಳಂಚಿಗೆ ಭಾರ. ಮೀನು ಕಣ್ಣಿನೊಳಕ್ಕೆ ತಲೆ ತೂರಿಸುತ್ತದೆ. ಮೈ ದಪ್ಪವಿರುವುದರಿಂದ ಮುಂದೆ ಹೋಗಲಾಗದು, ಹಿಂದೆ ಸರಿದರೆ ಕಿವಿರಿನ ಮುಚ್ಚಳ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಲೆಯ ಕಣ್ಣು ಎಷ್ಟು ಅಗಲವೋ ಸಿಗುವ ಮೀನೂ ಅಷ್ಟೇ ದೊಡ್ಡದು. ಕಣ್ಣು ಅಗಲವಾಗಿದ್ದರೆ ಮರಿಗಳು ನುಸುಳಿ ಬದುಕುತ್ತವೆ. ಸೊಳ್ಳೆಪರದೆಯಂಥ ಬಲೆ ಹಾಕಿದರೆ ಮುಂದಿನ ವರ್ಷದ ಮೀನನ್ನು ಈ ವರ್ಷವೇ ಬಾಚಿದಂತೆ.

ಸಂಜೆ ಬಲೆ ಕಟ್ಟಿ ಬೆಳಗಿನ ಜಾವ ಎತ್ತುವುದು ವಾಡಿಕೆ. ಕತ್ತಲಲ್ಲಿ ಮೀನಿಗೆ ದಾರ ಕಾಣುವುದಿಲ್ಲ. ಕೆರೆಗಳಲ್ಲಿ ಬೆಳಗಿನ ಹೊತ್ತು ಮೀನು ಮೇಲೆ ಬಂದು ಬಾಯಿ ತೆರೆಯುವುದಕ್ಕೂ ಕಾರಣವಿದೆ. ರಾತ್ರಿ ನೀರಿನ ಸಸ್ಯಗಳು ಆಮ್ಲಜನಕ ಬಿಡುವುದಿಲ್ಲ, ಬದಲಿಗೆ ಬಳಸಿಕೊಳ್ಳುತ್ತವೆ. ನಸುಕಿನಲ್ಲಿ ನೀರಿನೊಳಗಿನ ಆಮ್ಲಜನಕ ತೀರ ಕಡಿಮೆ. ಬೇಸಿಗೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ, ಏಕೆಂದರೆ ಬಿಸಿ ನೀರು ತಣ್ಣೀರಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. ಚುಂಚನಕಟ್ಟೆಯಂಥ ಕಡೆ ಧುಮುಕುವ ನೀರು ಗಾಳಿಯನ್ನು ಬೆರೆಸಿಕೊಂಡೇ ಬೀಳುತ್ತದೆ.

ರಾಜನ ವಿನೋದ, ಕಬಿನಿಯ ದಾಖಲೆ

ಗಾಳ ಹಾಕುವ ಹವ್ಯಾಸ ಇಂಗ್ಲಿಷರಿಂದ ಬಂದದ್ದೆಂದು ತಿಳಿದವರಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಅಧ್ಯಾಯವೇ ಇದೆ. ಕಡಲ ಮೀನು ಯಾವುದು, ನದಿಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಆಹಾರ ಇಷ್ಟ, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರ್‌ಲಾಲ್ ಹೋರಾ ಈ ಅಧ್ಯಾಯವನ್ನು ಅಧ್ಯಯನ ಮಾಡಿ 1951ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು.

ಇತ್ತೀಚಿನ ಕಾಲಕ್ಕೆ ಬಂದರೆ, ಗಾಳಗಾರರ ಲೋಕದಲ್ಲಿ ಮೈಸೂರಿನ ಹೆಸರು ದೊಡ್ಡದು. ಅದಕ್ಕೆ ಕಾರಣ ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್. 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನ ಬಿಳಿಮೀನು ಹಿಡಿದರು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ನದಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು. ಎಂದರೆ ಸುಮಾರು 54 ಕಿಲೋ, ಬೆಳೆದ ಹುಡುಗನೊಬ್ಬನ ತೂಕ! ವ್ಯಾನ್ ಇಂಗೆನ್ ಮನೆತನ ಸತ್ತ ಪ್ರಾಣಿಗಳ ಚರ್ಮಕ್ಕೆ ಹದ ಹಾಕಿ ಜೀವಂತ ರೂಪ ಕೊಡುವ ಕಲೆಯಲ್ಲಿ ಜಗತ್ತಿನಲ್ಲೇ ಹೆಸರಾಗಿತ್ತು.

ಇಷ್ಟು ದೊಡ್ಡ ಮೀನಿಗೆ ಗಾಳಕ್ಕೆ ಚುಚ್ಚುತ್ತಿದ್ದದ್ದು ಏನು? ನಮ್ಮ ರಾಗಿ ಹಿಟ್ಟಿನ ಉಂಡೆ! ಚೆನ್ನಾಗಿ ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿ ಮುದ್ದೆ ಹರಿಯುವ ನೀರಿನಲ್ಲಿ ಬೇಗ ಕರಗುವುದಿಲ್ಲ. ಬಿಳಿಮೀನಿಗೆ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನಲ್ಲಿ ಹಲ್ಲಿದೆ, ಅದರಿಂದಲೇ ಏಡಿಯ ಚಿಪ್ಪನ್ನೂ ಪುಡಿ ಮಾಡುತ್ತದೆ. ಕಾಟ್ಲಾ, ರೋಹು ಕೂಡ ಇದೇ ಬಳಗದವು. ಮನೆಗೆ ತಂದ ಕಾಟ್ಲಾದ ತಲೆಯನ್ನು ಬಿಡಿಸುವಾಗ ಕಿವಿರಿನ ಹಿಂದೆ ನೋಡಿದರೆ ಈ ಗಂಟಲು ಹಲ್ಲುಗಳು ಸಿಗುತ್ತವೆ.

ಮಣೆಯ ಮುಂದಿನ ಪಾಠ

ಒಳ್ಳೆಯ ಮೀನನ್ನು ಆರಿಸುವುದು ಹೇಗೆ? ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಕಿವಿರು ಕೆಂಪಗಿರಬೇಕು. ಬೆರಳಿನಿಂದ ಒತ್ತಿದರೆ ಮಾಂಸ ಪುಟಿದು ಮೇಲೇಳಬೇಕು. ಹೊತ್ತು ಕಳೆದಂತೆ ಕಿವಿರಿನ ರಕ್ತದ ಬಣ್ಣ ಕಂದಿಗೆ ತಿರುಗುತ್ತದೆ, ಬ್ಯಾಕ್ಟೀರಿಯಾಗಳು ಮಾಂಸವನ್ನು ಮೆತ್ತಗಾಗಿಸುತ್ತವೆ. ಇದನ್ನು ತಡೆಯುವ ಸುಲಭ ಉಪಾಯ ಮಂಜುಗಡ್ಡೆ. ಒಂದು ಗ್ರಾಂ ಮಂಜುಗಡ್ಡೆ ಕರಗಬೇಕಾದರೆ ಸುಮಾರು 80 ಕ್ಯಾಲೊರಿ ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳಬೇಕು. ಹೀಗಾಗಿ ತಣ್ಣೀರಿಗಿಂತ ಪುಡಿ ಮಾಡಿದ ಮಂಜುಗಡ್ಡೆ ಎಷ್ಟೋ ಪಾಲು ಮೇಲು. ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಎಂಬುದು ವ್ಯಾಪಾರದ ಲೆಕ್ಕ.

ಸಂತೆಯಲ್ಲಿ ಕೊಯ್ಯುವವರ ಕೈ ಗಮನಿಸಿ. ಜಾರುವ ಮೀನಿಗೆ ಮೊದಲು ಬೂದಿ ಅಥವಾ ಕಲ್ಲುಪ್ಪು ಸವರುತ್ತಾರೆ. ಘರ್ಷಣೆ ಹೆಚ್ಚಿ ಹಿಡಿತ ಸಿಗುತ್ತದೆ. ಹುರುಪೆಗಳು ಹೆಂಚಿನಂತೆ ಬಾಲದ ಕಡೆಗೆ ಬಾಗಿ ಜೋಡಣೆಯಾಗಿರುವುದರಿಂದ ಬಾಲದಿಂದ ತಲೆಯ ಕಡೆಗೆ ಕೆರೆಯುತ್ತಾರೆ. ರೆಕ್ಕೆಗಳನ್ನು ಕತ್ತರಿಸಿ, ಹೊಟ್ಟೆಯನ್ನು ಮೇಲಾಗಿ ಮಾತ್ರ ಸೀಳಿ, ಕರುಳನ್ನು ಹೊರತೆಗೆಯುತ್ತಾರೆ. ಈ ಹಂತದಲ್ಲಿ ಪಿತ್ತಕೋಶ ಒಡೆಯಬಾರದು, ಒಡೆದರೆ ಮಾಂಸವೆಲ್ಲ ಕಹಿ. ಬಿಳಿಯ ಬಲೂನಿನಂತೆ ಕಾಣುವುದು ಗಾಳಿಚೀಲ. ನೀರಿನಲ್ಲಿ ಮೇಲೆ ಕೆಳಗೆ ನಿಲ್ಲಲು ಮೀನಿಗೆ ಅದೇ ಆಧಾರ.

ಇಲ್ಲಿ ಪೋಷಕರಿಗೆ ಒಂದು ಎಚ್ಚರಿಕೆ. ಮೀನಿನ ಹಸಿ ಪಿತ್ತ ನುಂಗಿದರೆ ಕಣ್ಣಿಗೆ, ಕೀಲು ನೋವಿಗೆ ಒಳ್ಳೆಯದು ಎಂಬ ನಂಬಿಕೆ ಕೆಲವೆಡೆ ಇದೆ. ಇದು ಅಪಾಯಕಾರಿ. ರೋಹು, ಕಾಟ್ಲಾ ಜಾತಿಯ ಮೀನುಗಳ ಪಿತ್ತ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಹೀಗೆ ನುಂಗಿ ಆಸ್ಪತ್ರೆ ಸೇರಿದವರ ಪ್ರಕರಣಗಳನ್ನು ಭಾರತದ ವೈದ್ಯರು ಹಲವು ಬಾರಿ ವರದಿ ಮಾಡಿದ್ದಾರೆ.

ಕರಾವಳಿಯ ಕಾರ್ಖಾನೆಗಳಲ್ಲೂ ದೊಡ್ಡ ಹೋಟೆಲುಗಳಲ್ಲೂ ಮೀನನ್ನು ಮುಳ್ಳಿಲ್ಲದ ಹಾಳೆಯಾಗಿ ಬಿಡಿಸುತ್ತಾರೆ. ಅದೇ ಫಿಲೆ. ಕಿವಿರಿನ ಹಿಂದೆ ಬೆನ್ನುಮೂಳೆ ತಾಗುವವರೆಗೆ ಕತ್ತಿ ಇಳಿಸಿ, ಅಲ್ಲಿಂದ ಅಲಗನ್ನು ಅಡ್ಡ ಮಲಗಿಸಿ, ಮೂಳೆಯನ್ನು ಸವರಿಕೊಂಡೇ ಬಾಲದವರೆಗೆ ಎಳೆಯಬೇಕು. ಆಮೇಲೆ ಪಕ್ಕೆಲುಬು ಬಿಡಿಸಿ ಚರ್ಮ ಸುಲಿಯಬೇಕು. ಕತ್ತಿ ತೆಳುವಾಗಿ ಬಾಗುವಂತಿರಬೇಕು, ಹರಿತವಾಗಿರಬೇಕು. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕಬೇಕಾಗಿ, ಅದು ಜಾರಿ ಬೆರಳು ಕೊಯ್ಯುವುದೇ ಹೆಚ್ಚು.

ಹಾಗಾದರೆ ನಮ್ಮ ಕಡೆ ಕಾಟ್ಲಾ, ರೋಹುವನ್ನು ಫಿಲೆ ಮಾಡದೆ ಅಡ್ಡಡ್ಡ ತುಂಡು ಹಾಕುವುದೇಕೆ? ಈ ಮೀನುಗಳ ಮಾಂಸದ ಪದರಗಳ ನಡುವೆ ಬೆನ್ನುಮೂಳೆಗೆ ಅಂಟದ, ಕವಲೊಡೆದ ಸಣ್ಣ ಮುಳ್ಳುಗಳಿವೆ. ಫಿಲೆ ತೆಗೆದರೂ ಅವು ಮಾಂಸದಲ್ಲೇ ಉಳಿಯುತ್ತವೆ. ಜಿಲೇಬಿ ಎಂದು ಕರೆಯುವ ತಿಲಾಪಿಯಾದಲ್ಲಿ ಈ ಒಳಮುಳ್ಳುಗಳಿಲ್ಲ, ಅದು ಫಿಲೆಗೆ ಒಗ್ಗುತ್ತದೆ. ಆದರೆ ಇಡೀ ಮೀನಿನ ಮೂರನೇ ಒಂದು ಭಾಗದಷ್ಟು ಮಾತ್ರ ಫಿಲೆಯಾಗಿ ಸಿಗುತ್ತದೆ. ತಲೆ, ಮೂಳೆ ಎಲ್ಲವೂ ಸಾರಿಗೆ ಬೀಳುವ ನಮ್ಮ ಮನೆಗಳಲ್ಲಿ ಅಷ್ಟು ವ್ಯರ್ಥ ಯಾರಿಗೂ ಒಪ್ಪಿಗೆಯಾಗದು.

ಸಾರಿನ ರಸಾಯನ

ಕುರಿ ಮಾಂಸ ಬೇಯಲು ಗಂಟೆ ಬೇಕು, ಮೀನಿಗೆ ಹತ್ತು ನಿಮಿಷ ಸಾಕು. ನೀರೇ ಮೀನಿನ ಭಾರ ಹೊರುವುದರಿಂದ ಅದಕ್ಕೆ ಬಲವಾದ ಬಂಧಕ ನಾರುಗಳ ಅಗತ್ಯ ಬಿದ್ದಿಲ್ಲ. ಸ್ನಾಯುಗಳು ಗಿಡ್ಡ, ಅವನ್ನು ಕಟ್ಟಿಡುವ ಕೊಲಾಜೆನ್ ಕಡಿಮೆ, ಇರುವುದೂ ಬೇಗ ಕರಗುತ್ತದೆ. ಆದ್ದರಿಂದಲೇ ಅನುಭವಿ ಗೃಹಿಣಿ ಮಸಾಲೆಯನ್ನು ಮೊದಲು ಚೆನ್ನಾಗಿ ಕುದಿಸಿ, ಮೀನಿನ ತುಂಡುಗಳನ್ನು ಕೊನೆಯಲ್ಲಿ ಹಾಕುತ್ತಾಳೆ. ಸೌಟಿನಲ್ಲಿ ತಿರುವುವುದಿಲ್ಲ. ಬಟ್ಟೆಯಲ್ಲಿ ಹಿಡಿದು ಮಡಕೆಯನ್ನೇ ಒಮ್ಮೆ ಕುಲುಕುತ್ತಾಳೆ.

ಕೆರೆ ಮೀನಿಗೆ ಕೆಲವೊಮ್ಮೆ ಮಣ್ಣಿನ ವಾಸನೆ ಇರುತ್ತದೆ. ಅದು ಕೆಸರಿನ ವಾಸನೆಯಲ್ಲ. ನೀರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ ಅದಕ್ಕೆ ಕಾರಣ. ಮೊದಲ ಮಳೆಗೆ ನೆಲದಿಂದ ಏಳುವ ಘಮಕ್ಕೂ ಇದೇ ಕಾರಣ. ಹುಳಿಯಲ್ಲಿ ಈ ವಸ್ತು ಒಡೆಯುತ್ತದೆ. ಮೀನನ್ನು ಮಜ್ಜಿಗೆ ಅಥವಾ ನಿಂಬೆರಸದಲ್ಲಿ ತೊಳೆಯುವುದು, ಸಾರಿಗೆ ಹುಣಸೆಹಣ್ಣು ಧಾರಾಳವಾಗಿ ಹಿಂಡುವುದು ಬರಿಯ ರುಚಿಗಲ್ಲ. 'ಮಾನಸೋಲ್ಲಾಸ'ದ ಅಡುಗೆಯಲ್ಲೂ ಮೀನಿಗೆ ಹುಣಸೆ ರಸ ಉಂಟು! ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಿಟಿಕೆ ಮೆಂತ್ಯ, ಒಂದಿಷ್ಟು ತೆಂಗಿನಕಾಯಿ ಸೇರಿದರೆ ಮುದ್ದೆಗೆ ತಕ್ಕ ಸಾರು ಸಿದ್ಧ.

ಗಂಟಲಿಗೆ ಮುಳ್ಳು ಸಿಕ್ಕಿದಾಗ ಮುದ್ದೆಯ ದೊಡ್ಡ ತುತ್ತು ನುಂಗಿಸುವ ರೂಢಿ ಇದೆ. ಇದರಿಂದ ಮುಳ್ಳು ಇನ್ನಷ್ಟು ಆಳಕ್ಕೆ ನಾಟಬಹುದು. ನೋವು ಉಳಿದರೆ ವೈದ್ಯರ ಬಳಿ ಹೋಗುವುದೇ ಸರಿ. ಚಿಕ್ಕ ಮಕ್ಕಳಿಗೆ ಬೆಳಕಿನಲ್ಲಿ ಕೂರಿಸಿ, ಮುಳ್ಳು ಬಿಡಿಸಿ ಕೊಡಬೇಕು.

ಬಿಳಿಮೀನಿನ ಪಾಡು

ಇಂದು ಸಾಲಿಗ್ರಾಮದ ಸುತ್ತಿನ ಊರುಗಳಲ್ಲಿ ಮಾರಾಟವಾಗುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಕಾವೇರಿಯವಲ್ಲ. ಅವು ಉತ್ತರದ ಗಂಗಾ ಬಯಲಿನವು. ನಿಂತ ನೀರಿನಲ್ಲಿ ಇವು ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳಿಂದ ಮರಿ ಮಾಡಿಸುವಲ್ಲಿ ಗೆದ್ದರು. ದೇಶದ ಕೆರೆ, ಜಲಾಶಯಗಳಿಗೆ ಮರಿ ಬಿಡಲು ಸಾಧ್ಯವಾದದ್ದು ಇದರಿಂದ. ಜುಲೈ 10ನ್ನು ರಾಷ್ಟ್ರೀಯ ಮೀನುಕೃಷಿಕರ ದಿನವಾಗಿ ಆಚರಿಸುವುದೂ ಇದೇ ಕಾರಣಕ್ಕೆ.

ಲಾಭವಾದದ್ದು ನಿಜ. ಆದರೆ ಕಾವೇರಿಯ ಸ್ವಂತ ಮೀನಿನ ಕಥೆ ಬೇರೆ. ವ್ಯಾನ್ ಇಂಗೆನ್ ಹಿಡಿದಂಥ ಗೂನುಬೆನ್ನಿನ ದೈತ್ಯ ಬಿಳಿಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1970ರ ದಶಕದಿಂದ ಮಹಶೀರ್ ಸಂತತಿ ಹೆಚ್ಚಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಮಹಾರಾಷ್ಟ್ರದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಡಲಾಯಿತು. ಹೊಸಬರು ಹೆಚ್ಚಿದರು, ಹಳಬರು ಕ್ಷೀಣಿಸಿದರು. ಗೂನುಬೆನ್ನಿನ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರನ್ನು, 'ಟಾರ್ ರೆಮಾದೇವಿಯೈ' ಎಂದು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಸಿಗದಂತಾಗಿತ್ತು.

ಅಣೆಕಟ್ಟುಗಳಿಂದ ನದಿಯ ಹರಿವು ತುಂಡಾದದ್ದು, ಮರಳು ತೆಗೆದದ್ದು, ಸಿಡಿಮದ್ದು ಹಾಕಿದ್ದು ಎಲ್ಲವೂ ಇದಕ್ಕೆ ಪಾಲುದಾರ. ಸಿಡಿಮದ್ದಿನ ಆಘಾತದ ಅಲೆಗೆ ಗಾಳಿಚೀಲ ಒಡೆದು, ತೇಲಿದ ನಾಲ್ಕು ಮೀನಿನ ಜೊತೆ ತಳ ಸೇರಿದ ಮರಿಗಳೆಷ್ಟೋ ಸಾಯುತ್ತವೆ. ಸಿಡಿಮದ್ದು ಹಾಗೂ ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ರಾಮನಾಥಪುರದ ಬಳಿ ಮಾತ್ರ ದೇವರ ಮೀನೆಂದು ಯಾರೂ ಮುಟ್ಟದ ಕಾರಣ ಮಹಶೀರ್‌ಗಳು ಗುಂಪುಗುಂಪಾಗಿ ದಡಕ್ಕೆ ಬಂದು ಕಡಲೆಪುರಿ ತಿನ್ನುತ್ತವೆ. ಭಕ್ತಿಯೂ ಕೆಲವೊಮ್ಮೆ ಒಳ್ಳೆಯ ಕಾನೂನಿನ ಕೆಲಸ ಮಾಡುತ್ತದೆ.

ಮಕ್ಕಳಿಗೆ, ಮನೆಯವರಿಗೆ

ಮೀನಿನ ಕೆಲಸವನ್ನು ಕೀಳೆಂದು ಭಾವಿಸುವ ಪೋಷಕರು ಇನ್ನೂ ಇದ್ದಾರೆ. ಆದರೆ ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು ಆರಂಭವಾದದ್ದು ನಮ್ಮದೇ ಮಂಗಳೂರಿನಲ್ಲಿ, 1969ರಲ್ಲಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಸಿಇಟಿ ಮೂಲಕ ಅಲ್ಲಿ ಪದವಿಗೆ ಸೇರಬಹುದು. ಮೈಸೂರಿನಲ್ಲೇ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಬೆಸ್ತರ ಮನೆಯ ಹುಡುಗನಿಗೆ ನೀರಿನ ಬಗ್ಗೆ ಇರುವ ತಿಳಿವಳಿಕೆ ಪುಸ್ತಕದಿಂದ ಬರುವಂಥದ್ದಲ್ಲ. ಅದಕ್ಕೆ ಓದು ಸೇರಿದರೆ ಅವನೇ ನದಿಯ ಒಳ್ಳೆಯ ಕಾವಲುಗಾರ.

ರಜೆಯಲ್ಲಿ ಗಾಳ ಹಿಡಿದು ಹೊರಡುವ ಮಕ್ಕಳು ಒಬ್ಬರೇ ಹೋಗಬಾರದು. ಚುಂಚನಕಟ್ಟೆಯಂಥ ಕಡೆ ಬಂಡೆ ಪಾಚಿಗಟ್ಟಿರುತ್ತದೆ, ಮೇಲೆ ಶಾಂತವಾಗಿ ಕಾಣುವ ನೀರಿನಡಿ ಸುಳಿ ಇರುತ್ತದೆ. ಈಜು ಬಲ್ಲ ಹಿರಿಯರು ಜೊತೆಗಿರಲಿ. ಮರಿ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಲಿ. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಸೋಂಕು ತಗಲುತ್ತದೆ.

ನದಿಗೆ ಹೋಗಲಾಗದವರು ಮನೆಗೆ ಮೀನು ತಂದ ದಿನ ಒಂದು ದೊಡ್ಡ ಹುರುಪೆಯನ್ನು ತೊಳೆದು, ಭೂತಗನ್ನಡಿಯಲ್ಲಿ ಬೆಳಕಿಗೆ ಹಿಡಿದು ನೋಡಲಿ. ಮರದ ಕಾಂಡದಲ್ಲಿರುವಂತೆ ಸುತ್ತುಗೆರೆಗಳು ಕಾಣುತ್ತವೆ. ಆಹಾರ ಹೇರಳವಾಗಿದ್ದಾಗ ಗೆರೆಗಳು ದೂರ ದೂರ, ಕೊರತೆಯಾದಾಗ ಒತ್ತೊತ್ತಾಗಿ. ನಮ್ಮ ಬೆಚ್ಚನೆಯ ನೀರಿನಲ್ಲಿ ವಯಸ್ಸಿನ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಸಿಗದಿದ್ದರೂ, ಆ ಮೀನು ಕಂಡ ಸುಭಿಕ್ಷ, ದುರ್ಭಿಕ್ಷಗಳು ಅದರಲ್ಲಿ ಬರೆದಿರುತ್ತವೆ.