ಬೆಳೆಯುವ ಹೆಣ್ಣುಮಗಳು ಮತ್ತು ರಕ್ತಹೀನತೆ

ಕೆಲವು ತಿಂಗಳ ಹಿಂದೆ ರೈತ ದಂಪತಿಗಳು 14 ವರ್ಷದ ತಮ್ಮ ಮಗಳನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದಿದ್ದರು. "ಕಾಯಿಲೆ ಏನೂ ಇಲ್ಲ ಡಾಕ್ಟರೇ, ಬರೀ ಸೋಮಾರಿತನ. ಶಾಲೆಯಿಂದ ಬಂದವಳೇ ಮಲಗಿಬಿಡುತ್ತಾಳೆ. ಕದ್ದು ಬಳಪ ತಿನ್ನುತ್ತಾಳೆ" ಎಂದು ತಾಯಿ ದೂರಿದರು. ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಿದರೆ, ಕೆಂಪಾಗಿರಬೇಕಾದ ಒಳಭಾಗ ಬಿಳಿಚಿಕೊಂಡಿತ್ತು. ಆ ವಯಸ್ಸಿನಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಅವಳಲ್ಲಿದ್ದುದು 8.6 ಗ್ರಾಂ. ತಾಯಿ ಸೋಮಾರಿತನವೆಂದು ತಿಳಿದದ್ದು ರಕ್ತಹೀನತೆಯಾಗಿತ್ತು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಬಯಕೆಯೂ ಅನೇಕ ವೇಳೆ ಇದರದೇ ಲಕ್ಷಣ. ಅದಕ್ಕಾಗಿ ಮಕ್ಕಳನ್ನು ಹೊಡೆಯಬಾರದು.

ನಾವು ಉಸಿರಾಡುವ ಗಾಳಿಯಲ್ಲಿನ ಆಮ್ಲಜನಕವನ್ನು ದೇಹದ ಎಲ್ಲ ಭಾಗಗಳಿಗೂ ಒಯ್ಯುವುದು ಹಿಮೋಗ್ಲೋಬಿನ್. ಅದು ತಯಾರಾಗಲು ಕಬ್ಬಿಣಾಂಶ ಬೇಕು. ಅದು ಸಾಲದಾದಾಗ ಆಯಾಸ, ಏದುಸಿರು, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಪಾಠ ಮನಸ್ಸಿಗೆ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ಹಾಗೂ ಹುಡುಗರಲ್ಲಿ ನೂರಕ್ಕೆ 31 ಮಂದಿ ರಕ್ತಹೀನರೆಂದು ಕಂಡುಬಂದಿದೆ.

ಹುಡುಗಿಯರಲ್ಲಿ ಇದು ಹೆಚ್ಚಾಗಲು ಕಾರಣಗಳುಂಟು. ದೇಹ ವೇಗವಾಗಿ ಬೆಳೆಯುವ ವಯಸ್ಸಿನಲ್ಲಿಯೇ ಮುಟ್ಟು ಪ್ರಾರಂಭವಾಗಿ ಪ್ರತಿ ತಿಂಗಳೂ ರಕ್ತ ನಷ್ಟವಾಗುತ್ತದೆ. ಸ್ರಾವವು 7 ದಿನಗಳನ್ನು ಮೀರಿದರೆ ವೈದ್ಯರಿಗೆ ತೋರಿಸಬೇಕು. ಇನ್ನು ಬಯಲಿನಲ್ಲಿ ಮಲವಿಸರ್ಜನೆ ಮಾಡುವ ಕಡೆ ಕೊಕ್ಕೆಹುಳುವಿನ ಮರಿಗಳು ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಶೌಚಾಲಯದ ಬಳಕೆ, ಕಾಲಿಗೆ ಚಪ್ಪಲಿ, ಹಾಗೂ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆ, ಇವು ಮೂರೂ ಅವಶ್ಯಕ.

ಮತ್ತೊಂದು ಕಾರಣ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಗಂಡಸರು ಉಂಡು, ಗಂಡುಮಕ್ಕಳು ಉಂಡು, ಉಳಿದುದನ್ನು ತಾಯಿ-ಮಗಳು ಹಂಚಿಕೊಳ್ಳುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಸಾರಿನ ತಳದ ಕಾಳು ಅವರ ಪಾಲಿಗೆ ಬರುವುದೇ ಇಲ್ಲ. ಮನೆಯ ಯಜಮಾನರು ಈ ಮಾತನ್ನು ಸ್ವಲ್ಪ ಆಲೋಚಿಸಬೇಕೆಂದು ಕೋರುತ್ತೇನೆ. ಇದಕ್ಕೆ ಹಣ ಬೇಕಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಸಾಕು. ದಂಟು, ಹರಿವೆ, ನುಗ್ಗೆ ಸೊಪ್ಪುಗಳು, ಮೊಳಕೆ ಬರಿಸಿದ ಹುರುಳಿ ಮತ್ತು ಹೆಸರುಕಾಳು ಹಿತ್ತಲು-ಹೊಲಗಳಲ್ಲಿಯೇ ದೊರೆಯುತ್ತವೆ. ಜೊತೆಗೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಅದು ವ್ಯರ್ಥವಾಗುತ್ತದೆ. ಮಾಂಸಾಹಾರಿಗಳಿಗೆ ಮಾಂಸ, ಮೀನು, ಈಲಿ ಉತ್ತಮ.

ರಕ್ತಹೀನತೆ ಬಂದಮೇಲೆ ಆಹಾರವೊಂದೇ ಸಾಲದು. 10ರಿಂದ 19 ವರ್ಷದವರಿಗೆ ತಡೆಗಾಗಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತವೆ. ಶಾಲೆ ಬಿಟ್ಟ ಹುಡುಗಿಯರು ಇದನ್ನು ಅಂಗನವಾಡಿಯಲ್ಲಿ ಉಚಿತವಾಗಿ ಪಡೆಯಬಹುದು. ರಕ್ತಹೀನತೆ ಇರುವವರು ವೈದ್ಯರ ಸಲಹೆಯಂತೆ ಪ್ರತಿದಿನ ಸೇವಿಸಬೇಕಾಗುತ್ತದೆ. ಮಾತ್ರೆ ಉಷ್ಣವೆಂದೂ, ಮುಂದೆ ಮಕ್ಕಳಾಗುವುದಿಲ್ಲವೆಂದೂ ಹೇಳುವವರಿದ್ದಾರೆ, ಇದು ಸುಳ್ಳು. ಮಲ ಕಪ್ಪಾಗುವುದು ಸಹಜ. ಹೊಟ್ಟೆ ತೊಳೆಸಿದಂತಾದರೆ ಊಟದ ನಂತರ ನೀರಿನೊಡನೆ ನುಂಗಲಿ, ಹಾಲಿನೊಡನೆ ಬೇಡ. ಈ ಮಾತ್ರೆಗಳನ್ನು ಚಿಕ್ಕಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು. ಮಿಠಾಯಿಯೆಂದು ಹಲವನ್ನು ಒಟ್ಟಿಗೆ ನುಂಗಿದರೆ ಪ್ರಾಣಕ್ಕೇ ಅಪಾಯ.

ಆ ದಿನ ತಂದೆಯವರು ಹೊರಡುವಾಗ, "ಮುಂದಿನ ವರ್ಷ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ?" ಎಂದು ಕೇಳಿದರು. ಸರಿಹೋಗುವುದಿಲ್ಲವೆಂದು ಕುಳ್ಳಿರಿಸಿ ವಿವರಿಸಿದೆ. 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ. ಅಲ್ಲದೆ, ತನಗೇ ರಕ್ತ ಸಾಲದ ಹುಡುಗಿ ಗರ್ಭಿಣಿಯಾದರೆ, ಇನ್ನೂ ಬೆಳೆಯುತ್ತಿರುವ ದೇಹದಲ್ಲಿ ಮತ್ತೊಂದು ಜೀವವನ್ನು ಸಾಕಬೇಕು. ಮಗು ಕಡಿಮೆ ತೂಕದ್ದಾಗಬಹುದು. ಆರೋಗ್ಯವಂತ ಸ್ತ್ರೀ ತಡೆದುಕೊಳ್ಳಬಲ್ಲ ಹೆರಿಗೆಯ ರಕ್ತಸ್ರಾವವೂ ಇವಳ ಪ್ರಾಣ ತೆಗೆಯಬಹುದು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಮೂರು ತಿಂಗಳ ನಂತರ ಮಗಳೊಡನೆ ಪುನಃ ಬಂದರು. ಹಿಮೋಗ್ಲೋಬಿನ್ 11.8 ಗ್ರಾಂಗೆ ಏರಿತ್ತು. ಮಾತ್ರೆ ನಿಲ್ಲಿಸಬಹುದೇ ಎಂದು ತಾಯಿ ಕೇಳಿದರು. ಈಗಲೇ ಬೇಡ, 12 ಮುಟ್ಟಲಿ, ಆಮೇಲೆ ವಾರಕ್ಕೊಂದರಂತೆ ನುಂಗಲಿ ಎಂದು ತಿಳಿಸಿ, ಮುಂದಿನ ಪರೀಕ್ಷೆಯ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡವರು ತಂದೆ.