ರಂಗದ ಮೇಲೆ ಒಂದು ಅಂಡಾಣು

ರಾಣೆಬೆನ್ನೂರು ಸೀಮೆಯ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕೃತಕ ಪರಾಗಸ್ಪರ್ಶವೆಂದರೆ ದಿನಗೂಲಿಯ ಕೆಲಸ. ಮರುದಿನ ಅರಳಲಿರುವ ಹತ್ತಿಯ ಮೊಗ್ಗನ್ನು ಸಂಜೆಯೇ ಬಿಡಿಸಿ ಕೇಸರಗಳನ್ನು ತೆಗೆಯುತ್ತಾರೆ; ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರುತ್ತಾರೆ. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ, ಡಿಸಿಎಚ್-32 ತಳಿಗಳ ಬೀಜ ತಯಾರಾದದ್ದು ಹೀಗೆಯೇ. ಇಂಥ ಪ್ರೇಕ್ಷಕರಿಗೆ ಸಂತಾನೋತ್ಪತ್ತಿ ವಿಜ್ಞಾನದ ನಾಟಕ ಅರ್ಥವಾಗದು ಎನ್ನುವುದು ಹುರುಳಿಲ್ಲದ ಮಾತು.

ಅಂಥ ನಾಟಕವೊಂದನ್ನು ಬರೆದವರು ರಸಾಯನವಿಜ್ಞಾನಿ ಕಾರ್ಲ್ ಜೆರಾಸಿ (1923–2015). 1951ರಲ್ಲಿ ಮೆಕ್ಸಿಕೋದಲ್ಲಿ ಗರ್ಭನಿರೋಧಕ ಗುಳಿಗೆಗೆ ಮೂಲವಾದ ಸಂಯುಕ್ತವನ್ನು ತಯಾರಿಸಿದ ತಂಡದಲ್ಲಿದ್ದವರು. ಅವರ 'ಆನ್ ಇಮ್ಯಾಕ್ಯುಲೇಟ್ ಮಿಸ್‌ಕನ್ಸೆಪ್ಷನ್' 1998ರಲ್ಲಿ ಎಡಿನ್‌ಬರೋದಲ್ಲಿ ರಂಗವೇರಿತು. ವಸ್ತು, 'ಇಕ್ಸಿ' ವಿಧಾನ: ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಸೇರಿಸುವುದು. ಬ್ರಸೆಲ್ಸ್‌ನ ವೈದ್ಯರು ಇದರ ಯಶಸ್ಸನ್ನು 1992ರಲ್ಲಿ ವರದಿ ಮಾಡಿದ್ದರು.

ರಂಗದ ಮೇಲೆ ಇದನ್ನು ತೋರಿಸುವುದು ಹೇಗೆ? ಪರದೆಯ ಮೇಲೆ ಚಿತ್ರ ಮೂಡಿಸಬೇಕು. ಅಂಡಾಣುವಿನ ವ್ಯಾಸ ಸುಮಾರು 0.1 ಮಿಲಿಮೀಟರ್. ಅದನ್ನು 20,000 ಪಟ್ಟು ಹಿಗ್ಗಿಸಿದರೆ 2 ಮೀಟರ್, ಅಂದರೆ ನಟನಿಗಿಂತ ಎತ್ತರ. ಅದೇ ಪ್ರಮಾಣದಲ್ಲಿ ವೀರ್ಯಾಣು ಬಾಲಸಹಿತ ಸುಮಾರು ಒಂದು ಮೀಟರ್. ಅದರ ತಲೆ ಮಾತ್ರ ಒಂದು ಗೇಣಿಗೂ ಕಡಿಮೆ. ಬ್ಯಾಡಗಿಯ ಬಯಲಿನಲ್ಲಿ ಹಿಂದಿನ ಸಾಲಿನವನಿಗೂ ಇದು ಕಾಣುತ್ತದೆ. ಈ ಅಳತೆಗಳ ಹೋಲಿಕೆಯೇ ಅರ್ಧ ಪಾಠ.

ಆದರೆ ಹೊಲದ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಹತ್ತಿ ಹೂವನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ. ಜೆರಾಸಿಯ ನಾಯಕಿ, ಸ್ವತಃ ವಿಜ್ಞಾನಿ, ತನ್ನ ಪ್ರಿಯಕರನ ವೀರ್ಯಾಣುವನ್ನು ಅವನಿಗೆ ತಿಳಿಸದೆ ಬಳಸುತ್ತಾಳೆ. ತಂತ್ರ ಫಲಿಸುತ್ತದೆ, ನಾಟಕ ಶುರುವಾಗುತ್ತದೆ. ಭಾರತದಲ್ಲಿ ಇಂದು ಇದು ಕಾನೂನಿಗೆ ವಿರುದ್ಧ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಂತೆ ಸಂಬಂಧಪಟ್ಟ ಎಲ್ಲರ ಲಿಖಿತ ಸಮ್ಮತಿ ಬೇಕು.

ನಮ್ಮ ರಂಗಭೂಮಿಗೂ ಈ ಪ್ರಶ್ನೆ ಹೊಸತಲ್ಲ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ (1971) ತಲೆಗಳು ಅದಲುಬದಲಾದ ಮೇಲೆ ಪದ್ಮಿನಿಯ ಗಂಡ ಯಾರು? ಮಹಾಭಾರತದ ಅಂಬಿಕೆ ವ್ಯಾಸರೆದುರು ಕಣ್ಣು ಮುಚ್ಚಿಕೊಂಡದ್ದು ಸಮ್ಮತಿಯೋ, ಅಸಮ್ಮತಿಯೋ? ಬಯಲಾಟದವರು ಇದನ್ನು ಎತ್ತಿಕೊಳ್ಳಬಹುದು. ಗಾಂಧಾರಿಯ ಕೊಡಗಳನ್ನು ಮಾತ್ರ ಪ್ರನಾಳ ಶಿಶುವಿನ ಪುರಾವೆಯೆಂದು ಮಂಡಿಸಬಾರದು. ಅದು ಕಥೆ. ಪ್ರನಾಳ ಶಿಶುವಿನ ಇತಿಹಾಸ ಶುರುವಾಗುವುದು 1978ರಲ್ಲಿ, ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಜನನದಿಂದ. ಅದೇ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ 'ದುರ್ಗಾ' ಹುಟ್ಟಿದಳು. ಅವರನ್ನು ಆಗ ನಂಬಿದವರು ಕಡಿಮೆ. ಅವರ ಬದುಕಿನ ಛಾಯೆಯುಳ್ಳ ಹಿಂದಿ ಚಲನಚಿತ್ರವೂ ಬಂದಿದೆ.

ಹಾವೇರಿ ಜಿಲ್ಲೆಯ ಹವ್ಯಾಸಿ ತಂಡ ಇಂಥ ನಾಟಕ ಕಟ್ಟುವುದಾದರೆ ನನ್ನದೊಂದು ಸಲಹೆ. 'ಬಂಜೆ' ಎಂಬ ಮಾತು ಹೆಣ್ಣಿಗೇ ಅಂಟಿಕೊಂಡಿದೆ. ಗಂಡಿಗೆ ಆಡುಮಾತಿನಲ್ಲಿ ಸರಿಸಾಟಿ ಪದವಿಲ್ಲ. ಇಕ್ಸಿ ರೂಪುಗೊಂಡದ್ದೇ ಮುಖ್ಯವಾಗಿ ಗಂಡಿನ ಕೊರತೆಗೆ. ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳೆಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ; ಇಕ್ಸಿಗೆ ಅಂಡಾಣುವೊಂದಕ್ಕೆ ಜೀವಂತವಾದ ಒಂದು ಸಾಕು. ಆದುದರಿಂದ ಮೊದಲ ದೃಶ್ಯದಲ್ಲಿ ಗಂಡನ ಪರೀಕ್ಷೆಯ ವರದಿಯನ್ನು ಗಟ್ಟಿಯಾಗಿ ಓದಿಸಿ, ಸೊಸೆಯನ್ನು ಹತ್ತು ವರ್ಷ ಹಂಗಿಸಿದ ಅತ್ತೆಯ ಎದುರಿಗೆ. ಆಕೆಗೆ ಅಲ್ಲಿ ಮಾತೇ ಇರುವುದಿಲ್ಲ. ಅದಕ್ಕೇ ಆ ಪಾತ್ರಕ್ಕೆ ತಂಡದ ಅತ್ಯುತ್ತಮ ನಟಿ ಬೇಕು.