ಕನ್ನಡದಲ್ಲಿ ಗಡಿಯಾರದ ಸಮಯ ಮತ್ತು ತೆರೆದಿರುವ ವೇಳೆ

ಕನ್ನಡದಲ್ಲಿ ಗಡಿಯಾರದ ಸಮಯವನ್ನು ದಿನದ ಭಾಗವನ್ನು ಸೂಚಿಸುವ ಪದ, ಸಂಖ್ಯೆ ಮತ್ತು ‘ಗಂಟೆ’ ಎಂಬ ಮೂರು ಅಂಗಗಳಿಂದ ಹೇಳಲಾಗುತ್ತದೆ. ‘ಸಂಜೆ ಐದು ಗಂಟೆ’ ಎಂಬುದು ಇದರ ಸಾಮಾನ್ಯ ರೂಪ. ಅಂಗಡಿ, ಬ್ಯಾಂಕು, ದೇವಸ್ಥಾನ ಹಾಗೂ ಕಚೇರಿಗಳು ತೆರೆದಿರುವ ವೇಳೆಯನ್ನು ‘ಇಂದ’ ಮತ್ತು ‘ವರೆಗೆ’ ಎಂಬವುಗಳನ್ನು ಸೇರಿಸಿ ತಿಳಿಸಲಾಗುತ್ತದೆ. ರೈಲ್ವೆಯು 24 ಗಂಟೆಗಳ ಕ್ರಮವನ್ನು ಅನುಸರಿಸುವುದರಿಂದ ಬೆಂಗಳೂರಿನ ಯಶವಂತಪುರ, ಯಲಹಂಕ ಮೊದಲಾದ ನಿಲ್ದಾಣಗಳಲ್ಲಿ ಎರಡೂ ಕ್ರಮಗಳು ಎದುರಾಗುತ್ತವೆ.

ಗಂಟೆ ಮತ್ತು ಅದರ ಭಾಗಗಳು

ಬಾರಿಸುವ ಗಂಟೆಗೂ 60 ನಿಮಿಷಗಳ ಅವಧಿಗೂ ಕನ್ನಡದಲ್ಲಿ ಒಂದೇ ಪದವಿದೆ. ಗಂಟೆಯ ಭಾಗಗಳನ್ನು ಕಾಲು, ಅರೆ, ಮುಕ್ಕಾಲು ಎಂಬ ಪದಗಳಿಂದ ಸೂಚಿಸುತ್ತಾರೆ: 2:15 ಎರಡೂಕಾಲು, 2:30 ಎರಡೂವರೆ, 2:45 ಎರಡೂಮುಕ್ಕಾಲು. ಈ ಎಣಿಕೆ ಕಳೆದ ಗಂಟೆಯಿಂದ ಮುಂದಕ್ಕೆ ಸಾಗುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ 2:45ನ್ನು ಸಾಂಪ್ರದಾಯಿಕವಾಗಿ ‘ಲಾಸ್ ತ್ರೇಸ್ ಮೇನೊಸ್ ಕ್ವಾರ್ತೊ’, ಅಂದರೆ ‘ಮೂರಕ್ಕೆ ಕಾಲು ಕಡಿಮೆ’ ಎನ್ನುತ್ತಾರೆ. ಕನ್ನಡದಲ್ಲಿಯೂ ‘ಮೂರಕ್ಕೆ ಹತ್ತು ನಿಮಿಷ ಇದೆ’ ಎಂದು ಬರಲಿರುವ ಗಂಟೆಯನ್ನು ಆಧರಿಸಿ ಹೇಳುವುದುಂಟು.

‘ಎರಡೂವರೆ ಗಂಟೆ’ ಎಂಬುದು ಸಮಯವೂ ಆಗಬಹುದು, ಅವಧಿಯೂ ಆಗಬಹುದು. ‘ಎರಡೂವರೆ ಗಂಟೆಗೆ’ ಎಂದರೆ ಸಮಯ. ‘ಎರಡೂವರೆ ಗಂಟೆ ಕಾಲ’ ಎಂದರೆ ಅವಧಿ.

ದಿನದ ಭಾಗಗಳು

ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ಮಧ್ಯರಾತ್ರಿ ಎಂಬ ಪದಗಳು ಬಳಕೆಯಲ್ಲಿವೆ. ಇವುಗಳ ನಡುವೆ ಖಚಿತ ಗಡಿಯಿಲ್ಲ. ಏಳು ಗಂಟೆಯನ್ನು ಕೆಲವರು ಸಂಜೆ ಎಂದರೆ ಕೆಲವರು ರಾತ್ರಿ ಎನ್ನುತ್ತಾರೆ. ‘ಜಾವ’ ಎಂಬುದು ದಿನದ ಎಂಟನೆಯ ಒಂದು ಭಾಗ, ಅಂದರೆ ಮೂರು ಗಂಟೆ. ಪಂಚಾಂಗದಲ್ಲಿ ಬಳಸುವ ‘ಗಳಿಗೆ’ 24 ನಿಮಿಷಗಳಿಗೆ ಸಮ.

1906ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ಶಿಷ್ಟ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಬೆಂಗಳೂರು ಸುಮಾರು 77.6 ಡಿಗ್ರಿಯಲ್ಲಿರುವುದರಿಂದ ಇಲ್ಲಿ ಸೂರ್ಯನು ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ 12 ಗಂಟೆ 20 ನಿಮಿಷದ ಸುಮಾರಿಗೆ.

ತೆರೆದಿರುವ ವೇಳೆ

‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ’ ಎಂಬುದು ಫಲಕಗಳಲ್ಲಿ ಕಾಣುವ ರೂಢಿಯ ರೂಪ. ವಾರಗಳ ವಿಷಯದಲ್ಲಿ ‘ವರೆಗೆ’ ಎಂಬುದು ಕೊನೆಯ ದಿನವನ್ನೂ ಒಳಗೊಳ್ಳುತ್ತದೆ: ‘ಸೋಮವಾರದಿಂದ ಶನಿವಾರದವರೆಗೆ’ ಎಂದರೆ ಶನಿವಾರವೂ ತೆರೆದಿರುತ್ತದೆ. ಆದರೆ ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿರುವುದರಿಂದ ಅದನ್ನು ಬೇರೆಯಾಗಿ ನಮೂದಿಸಬೇಕಾಗುತ್ತದೆ. ಮಧ್ಯಾಹ್ನ ಬಾಗಿಲು ಹಾಕುವ ದೇವಸ್ಥಾನಗಳು ವೇಳೆಯನ್ನು ಎರಡು ಭಾಗಗಳಲ್ಲಿ ಕೊಡುತ್ತವೆ. ಉದಾಹರಣೆಗೆ, ‘ಬೆಳಿಗ್ಗೆ 6ರಿಂದ 12ರವರೆಗೆ, ಸಂಜೆ 5ರಿಂದ ರಾತ್ರಿ 8:30ರವರೆಗೆ’.

ಮಧ್ಯರಾತ್ರಿಯ ಗೊಂದಲ

ಪಂಚಾಂಗದ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಡೆಯುತ್ತದೆ. ಮಾತಿನ ರೂಢಿಯಲ್ಲಿಯೂ ಬೆಳಗಾಗುವವರೆಗಿನ ರಾತ್ರಿಯು ಹಿಂದಿನ ದಿನಕ್ಕೇ ಸೇರುತ್ತದೆ. ರೈಲ್ವೆಯ ದಿನಾಂಕವಾದರೋ 00:00ಕ್ಕೆ ಬದಲಾಗುತ್ತದೆ. ಹೀಗಾಗಿ ಮಾತಿನಲ್ಲಿ ‘ಭಾನುವಾರ ರಾತ್ರಿ ಹನ್ನೆರಡು ಇಪ್ಪತ್ತು’ ಎನ್ನುವ ಸಮಯ ಟಿಕೆಟಿನಲ್ಲಿ ಸೋಮವಾರದ 00:20 ಆಗಿರುತ್ತದೆ. ಟಿಕೆಟಿನ ದಿನಾಂಕವನ್ನಷ್ಟೇ ನೋಡಿ ಸೋಮವಾರ ರಾತ್ರಿ ನಿಲ್ದಾಣಕ್ಕೆ ಬಂದವರಿಗೆ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ. ಭಾನುವಾರದ ದಿನಾಂಕಕ್ಕೆ ಟಿಕೆಟ್ ಪಡೆದವರಿಗೂ ಇದೇ ಗತಿ. ಇಂತಹ ಸಂದರ್ಭದಲ್ಲಿ ‘ಭಾನುವಾರ ಕಳೆದು ಸೋಮವಾರ 00:20’ ಎಂದು ಎರಡೂ ದಿನಗಳನ್ನು ಹೆಸರಿಸಿದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.